ಕೋರ್ಟ್ ಕೇಸಿನ ಮಾಹಿತಿ ಆನ್‌ಲೈನ್‌ನಲ್ಲಿ ಹುಡುಕೋದು ಹೇಗೆ: ‘ರೆಕಾರ್ಡ್ ನಾಟ್ ಫೌಂಡ್’ ನೋಡಿ ಸುಸ್ತಾದವರಿಗೆ ಸಮಗ್ರ ಮಾರ್ಗದರ್ಶಿ

ಕೇಸ್ ಇದೆ. ವಕೀಲರೂ ಇದೆ ಅಂತಾರೆ. ವೆಬ್‌ಸೈಟ್ ಮಾತ್ರ ‘ರೆಕಾರ್ಡ್ ನಾಟ್ ಫೌಂಡ್’ ಅನ್ನುತ್ತದೆ. ಅದನ್ನು ನೋಡಿ ಮೊಬೈಲ್ ಪಕ್ಕಕ್ಕಿಟ್ಟು, ಮರುದಿನ ಬೆಳಿಗ್ಗೆ ಬಸ್ ಹತ್ತಿ ಕೋರ್ಟಿಗೆ ಹೋದವರು ಬಹಳ ಮಂದಿ. ಜಾಸ್ತಿ ಸಲ ತಪ್ಪು ವೆಬ್‌ಸೈಟಿನದ್ದಲ್ಲ, ಹುಡುಕುವ ಕ್ರಮದ್ದು. ನಾವು ಮೊದಲು ಹೆಸರು ಹಾಕುತ್ತೇವೆ, ಸಿಗದಿದ್ದಾಗ ನಂಬರ್ ಕೇಳುತ್ತೇವೆ, ಕೊನೆಗೆ ಯಾವ ಕೋರ್ಟು ಅಂತ ವಿಚಾರಿಸುತ್ತೇವೆ. ಮಾಡಬೇಕಾದ್ದು ಪೂರ್ತಿ ಉಲ್ಟಾ. ಮೊದಲು ಕೋರ್ಟು, ಆಮೇಲೆ ನಂಬರ್, ಬೇರೆ ದಾರಿಯೇ ಇಲ್ಲ ಅಂದಾಗ ಹೆಸರು.

## ಶುರು ಮಾಡುವ ಮೊದಲು

ಒಂದು ಸ್ಮಾರ್ಟ್‌ಫೋನ್ ಸಾಕು. ಪಿಡಿಎಫ್ ತೆರೆಯುವ ಆ್ಯಪ್ ಇರಲಿ. ಕೇಸಿಗೆ ಸಂಬಂಧಪಟ್ಟ ಒಂದಾದರೂ ಕಾಗದ ಕೈಯಲ್ಲಿರಲಿ: ಸಮನ್ಸ್, ನೋಟಿಸ್, ಹಳೆಯ ಆದೇಶದ ಪ್ರತಿ, ಅಥವಾ ವಕೀಲರು ದಿನಾಂಕ ಬರೆದುಕೊಟ್ಟ ಚೀಟಿ. ಜೊತೆಗೊಂದು ನೋಟ್‌ಬುಕ್ಕು. ಫೋನ್ ಕಳೆದುಹೋಗಬಹುದು, ನೋಟ್‌ಬುಕ್ ಬೀರುವಿನಲ್ಲಿ ಇರುತ್ತದೆ.

ಜಿಲ್ಲೆ ಮತ್ತು ತಾಲ್ಲೂಕು ಕೋರ್ಟುಗಳಿಗೆ ಇ-ಕೋರ್ಟ್ಸ್ ಸರ್ವಿಸಸ್ ಜಾಲತಾಣ ಇದೆ, ಅದೇ ಹೆಸರಿನ ಆ್ಯಪ್ ಕೂಡ ಇದೆ. ಹೈಕೋರ್ಟ್‌ಗೆ ಅದರದೇ ಜಾಲತಾಣ. ಎರಡರಲ್ಲೂ ಕೇಸ್ ನೋಡಲು ದುಡ್ಡು ಕೊಡಬೇಕಿಲ್ಲ, ಒಟಿಪಿ ಬೇಕಿಲ್ಲ, ಆಧಾರ್ ನಂಬರೂ ಬೇಕಿಲ್ಲ. ಇವುಗಳಲ್ಲಿ ಯಾವುದನ್ನಾದರೂ ಕೇಳಿದರೆ ನೀವು ಬೇರೆ ಎಲ್ಲೋ ಬಂದಿದ್ದೀರಿ, ವಾಪಸ್ ಬನ್ನಿ.

## ಹಂತ 1: ನಿಮ್ಮದು ಯಾವ ಕೋರ್ಟು?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ನಮ್ಮಲ್ಲಿ ‘ಎಸಿ ಕೋರ್ಟು’, ‘ಡಿಸಿ ಕೋರ್ಟು’, ‘ತಹಶೀಲ್ದಾರ್ ಕೋರ್ಟು’ ಅಂತೆಲ್ಲ ಹೇಳುತ್ತೇವೆ ಅಲ್ವಾ, ಅವು ಕಂದಾಯ ಇಲಾಖೆಯ ನ್ಯಾಯಾಲಯಗಳು. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ಮ್ಯುಟೇಶನ್ ತಕರಾರು ಅಲ್ಲಿಗೆ ಹೋಗುತ್ತವೆ. ಅವನ್ನು ಇ-ಕೋರ್ಟ್ಸ್‌ನಲ್ಲಿ ವರ್ಷವಿಡೀ ಹುಡುಕಿದರೂ ಸಿಗುವುದಿಲ್ಲ. ಅವುಗಳಿಗೆ ಕಂದಾಯ ಇಲಾಖೆಯ ಆರ್‌ಸಿಸಿಎಂಎಸ್ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಗ್ರಾಹಕರ ಆಯೋಗದ ದೂರುಗಳಿಗೆ ಇ-ಜಾಗೃತಿ ಪೋರ್ಟಲ್. ಸರ್ಕಾರಿ ನೌಕರರ ಸೇವಾ ವಿಷಯ ಕೆಎಸ್‌ಎಟಿಯಲ್ಲಿದ್ದರೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಅದೂ ಬೇರೆ ಕಡೆ.

ಗುರುತು ಹಿಡಿಯುವುದು ಸುಲಭ. ನೋಟಿಸಿನ ತಲೆಯ ಮೇಲೆ ‘ಸಿವಿಲ್ ನ್ಯಾಯಾಧೀಶರು’, ‘ಜೆಎಂಎಫ್‌ಸಿ’, ‘ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು’, ‘ಕೌಟುಂಬಿಕ ನ್ಯಾಯಾಲಯ’ ಅಂತಿದ್ದರೆ ಇ-ಕೋರ್ಟ್ಸ್. ‘ಉಪವಿಭಾಗಾಧಿಕಾರಿಗಳ ನ್ಯಾಯಾಲಯ’ ಅಂತಿದ್ದರೆ ಕಂದಾಯ.

ಒಂದೇ ಜಮೀನಿನ ಜಗಳ ಎರಡೂ ಕಡೆ ಇರುವುದು ಮಾಮೂಲು. ಪಹಣಿಯ ತಕರಾರು ಎಸಿ ಬಳಿ, ಭಾಗದ ದಾವೆ ಸಿವಿಲ್ ಕೋರ್ಟಿನಲ್ಲಿ. ಒಂದರ ದಿನಾಂಕ ನೋಡಿ ಇನ್ನೊಂದಕ್ಕೆ ಹೋದವರನ್ನು ನಾನೇ ಕಂಡಿದ್ದೇನೆ.

## ಹಂತ 2: ನಂಬರ್ ಸಂಪಾದಿಸಿ

ಮೂರು ಬಗೆಯ ನಂಬರ್ ಇವೆ. ಇವನ್ನು ಒಂದಕ್ಕೊಂದು ಕಲಸಿಕೊಳ್ಳಬೇಡಿ.

ಮೊದಲನೆಯದು ಫೈಲಿಂಗ್ ನಂಬರ್. ಕಾಗದ ಕೋರ್ಟಿಗೆ ಸಲ್ಲಿಸಿದಾಗ ಸಿಗುವಂಥದ್ದು. ಎರಡನೆಯದು ರಿಜಿಸ್ಟ್ರೇಶನ್ ನಂಬರ್. ಪರಿಶೀಲನೆ ಮುಗಿದು ಕೇಸ್ ದಾಖಲಾದ ಮೇಲೆ ಕೊಡುವಂಥದ್ದು. ನಾವು ‘ಓ.ಎಸ್. ಇಷ್ಟು, ಬಾರ್ ಇಂಥ ವರ್ಷ’ ಅನ್ನುವುದು ಇದನ್ನೇ. ಮೂರನೆಯದು ಸಿಎನ್‌ಆರ್, ಅಂದರೆ ದೇಶದಲ್ಲೇ ಆ ಒಂದು ಕೇಸಿಗೆ ಮಾತ್ರ ಇರುವ ಗುರುತಿನ ನಂಬರ್. ಈ ಮೂರರಲ್ಲಿ ರಾಜ ಅದು.

ಸಿಎನ್‌ಆರ್‌ನಲ್ಲಿ ಒಟ್ಟು 16 ಅಕ್ಷರ-ಅಂಕಿಗಳು. ಮೊದಲ ಎರಡು ಅಕ್ಷರ ರಾಜ್ಯದ್ದು, ನಮ್ಮದಕ್ಕೆ ‘ಕೆ ಎ’. ನಂತರದ ಎರಡು ಅಕ್ಷರ ಜಿಲ್ಲೆಯದ್ದು. ಆಮೇಲೆ ಕೋರ್ಟನ್ನು ಸೂಚಿಸುವ, ಸಾಮಾನ್ಯವಾಗಿ 2 ಅಂಕಿ, ಕ್ರಮಸಂಖ್ಯೆಯ 6 ಅಂಕಿ, ವರ್ಷದ 4 ಅಂಕಿ. ಮೊದಲ ನಾಲ್ಕು ಬಿಟ್ಟರೆ ಉಳಿದ ಹನ್ನೆರಡೂ ಸಾಮಾನ್ಯವಾಗಿ ಅಂಕಿಗಳೇ. ಅಲ್ಲಿ ದುಂಡಗೆ ಕಾಣುವುದೆಲ್ಲ ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ‘ಸಿಎನ್‌ಆರ್ ಹಾಕಿದರೂ ಬರ್ತಿಲ್ಲ’ ಅಂದವರ ಫೋನ್ ಇಸಿದುಕೊಂಡು ನೋಡಿದರೆ ಸೊನ್ನೆಯ ಜಾಗದಲ್ಲಿ ‘ಓ’ ಕೂತಿರುತ್ತದೆ. ಕಾಗದದಲ್ಲಿ ನಡುವೆ ಅಡ್ಡಗೆರೆ ಇದ್ದರೂ ನೀವು ಅಡ್ಡಗೆರೆ, ಖಾಲಿ ಜಾಗ ಏನೂ ಬಿಡದೆ ಟೈಪ್ ಮಾಡಿ.

ಫೈಲಿಂಗ್ ನಂಬರಿನ ವಿಷಯದಲ್ಲಿ ನಾನೇ ಒಮ್ಮೆ ಎಡವಟ್ಟು ಮಾಡಿದ್ದೇನೆ. ಚಿಕ್ಕಪ್ಪನ ಭಾಗದ ದಾವೆ. ಅವರು ಕೊಟ್ಟ ಚೀಟಿಯಲ್ಲಿದ್ದದ್ದು ಫೈಲಿಂಗ್ ನಂಬರ್. ನಾನು ಅದನ್ನು ಕೇಸ್ ನಂಬರಿನ ಜಾಗದಲ್ಲಿ ಹಾಕಿದೆ. ಯಾರದ್ದೋ ದಾವೆ ತೆರೆದುಕೊಂಡಿತು. ವಾದಿಯ ಹೆಸರೂ ಸುಮಾರು ಒಂದೇ ಥರ ಇತ್ತು. ಮುಂದಿನ ದಿನಾಂಕ ಬರೆದುಕೊಂಡು ಚಿಕ್ಕಪ್ಪನಿಗೆ ಹೇಳಿಯೂಬಿಟ್ಟೆ. ಅವರು ಆ ದಿನ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಸಂಜೆವರೆಗೆ ಕೂತು ಬಂದರು. ಅವತ್ತಿಂದ ಪುಟ ತೆರೆದ ತಕ್ಷಣ ಎರಡೂ ಕಡೆಯ ಹೆಸರು, ಎರಡೂ ಕಡೆಯ ವಕೀಲರ ಹೆಸರು ತಾಳೆ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಕಾಗದದಲ್ಲಿ ಸಿಎನ್‌ಆರ್ ಇಲ್ಲದಿದ್ದರೆ ವಕೀಲರನ್ನೇ ಕೇಳಿ. ಸಂಕೋಚ ಬೇಡ. ‘ಸಾರ್, ಸಿಎನ್‌ಆರ್ ನಂಬರ್ ಒಂದು ಮೆಸೇಜ್ ಮಾಡಿ’ ಅಂದರೆ ಸಾಕು. ಕೋರ್ಟ್ ಆವರಣದಲ್ಲಿ ಇ-ಸೇವಾ ಕೇಂದ್ರ ಇದ್ದರೆ ಅಲ್ಲೂ ಹುಡುಕಿಕೊಡುತ್ತಾರೆ.

## ಹಂತ 3: ನಂಬರ್ ಹಾಕಿ ಹುಡುಕಿ

ಸಿಎನ್‌ಆರ್ ಇದ್ದರೆ ಮೊದಲ ಪುಟದಲ್ಲೇ ಹಾಕಿ, ಕ್ಯಾಪ್ಚಾ (ಚಿತ್ರದಲ್ಲಿ ಕಾಣುವ ಅಕ್ಷರ-ಅಂಕಿ) ತುಂಬಿ, ಮುಗಿಯಿತು. ರಾಜ್ಯ, ಜಿಲ್ಲೆ ಏನೂ ಆರಿಸಬೇಕಿಲ್ಲ.

ಅದಿಲ್ಲದೆ ಬರೀ ಕೇಸ್ ನಂಬರ್ ಇದ್ದರೆ ‘ಕೇಸ್ ಸ್ಟೇಟಸ್’ಗೆ ಹೋಗಿ. ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್, ಈ ಕ್ರಮದಲ್ಲಿ ಆರಿಸಿ. ತಾಲ್ಲೂಕಿನ ಕೇಸ್ ಆದರೆ ಕಾಂಪ್ಲೆಕ್ಸ್ ಅಂದರೆ ಆ ತಾಲ್ಲೂಕಿನ ಕೋರ್ಟ್ ಸಂಕೀರ್ಣ. ತಿಪಟೂರಿನ ದಾವೆಯನ್ನು ತುಮಕೂರು ನಗರದ ಕಾಂಪ್ಲೆಕ್ಸ್ ಆರಿಸಿ ಹುಡುಕಿದರೆ ಸಿಗುವುದಿಲ್ಲ. ಬೆಂಗಳೂರು ಮತ್ತು ಬೆಂಗಳೂರು ಗ್ರಾಮಾಂತರ ಬೇರೆ ಬೇರೆ. ಹೊಸ ಜಿಲ್ಲೆಯ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಕಾಣದಿದ್ದರೆ ಹಳೆಯ ಜಿಲ್ಲೆಯ ಹೆಸರಿನಲ್ಲೂ ನೋಡಿ.

ಆಮೇಲೆ ಕೇಸಿನ ವಿಧ. ಓ.ಎಸ್. ಅಂದರೆ ಅಸಲು ದಾವೆ, ಆರ್.ಎ. ಅಂದರೆ ಅದರ ಮೇಲ್ಮನವಿ. ಎಫ್.ಡಿ.ಪಿ. ಭಾಗದ ದಾವೆಯ ಅಂತಿಮ ಡಿಕ್ರಿಗೆ, ಎಂ.ವಿ.ಸಿ. ಅಪಘಾತ ಪರಿಹಾರಕ್ಕೆ, ಎಂ.ಸಿ. ವೈವಾಹಿಕ ಪ್ರಕರಣಕ್ಕೆ. ಕ್ರಿಮಿನಲ್‌ನಲ್ಲಿ ಮ್ಯಾಜಿಸ್ಟ್ರೇಟ್ ಮುಂದಿರುವುದು ಸಿ.ಸಿ., ಸೆಷನ್ಸ್‌ನಲ್ಲಿರುವುದು ಎಸ್.ಸಿ. ಇಲ್ಲೊಂದು ಗುಟ್ಟು ಇದೆ. ಮೇಲ್ಮನವಿ ಹೋದ ಮೇಲೂ ಜನ ಹಳೆಯ ಓ.ಎಸ್. ನಂಬರನ್ನೇ ತೆರೆದು ‘ಇನ್ನೂ ಡಿಸ್ಪೋಸ್ಡ್ (ಇತ್ಯರ್ಥವಾಗಿದೆ) ಅಂತಲೇ ತೋರಿಸ್ತಿದೆ’ ಅನ್ನುತ್ತಾರೆ. ಮೇಲ್ಮನವಿಗೆ ಹೊಸ ನಂಬರ್, ಹೊಸ ಸಿಎನ್‌ಆರ್.

ವರ್ಷದ ಖಾನೆಯಲ್ಲಿ ಹಾಕಬೇಕಾದ್ದು ಕೇಸ್ ದಾಖಲಾದ ವರ್ಷ. ಡಿಸೆಂಬರ್ ಕೊನೆಯಲ್ಲಿ ಸಲ್ಲಿಸಿದ್ದು ಜನವರಿಯಲ್ಲಿ ದಾಖಲಾಗಿರಬಹುದು. ಹಾಗಾಗಿ ಮುಂದಿನ ವರ್ಷ ಹಾಕಿಯೂ ನೋಡಿ.

ಕ್ಯಾಪ್ಚಾ ತಪ್ಪಾಯಿತು ಅಂದರೆ ಅದೇ ಚಿತ್ರಕ್ಕೆ ಮತ್ತೆ ಮತ್ತೆ ಗುದ್ದಾಡಬೇಡಿ. ಹೊಸ ಚಿತ್ರ ತರಿಸಿಕೊಳ್ಳಿ. ಪುಟ ತೆರೆದಿಟ್ಟು ಊಟಕ್ಕೆ ಹೋಗಿ ಬಂದಿದ್ದರೆ ಮೊದಲಿಂದ ಶುರು ಮಾಡಿ.

## ಹಂತ 4: ನಂಬರೇ ಇಲ್ಲದಿದ್ದರೆ

ಕ್ರಿಮಿನಲ್ ಕೇಸ್ ಆದರೆ ಹೆಸರಿಗಿಂತ ಎಫ್‌ಐಆರ್ ನಂಬರ್ ಒಳ್ಳೆಯದು. ಠಾಣೆ, ನಂಬರ್, ವರ್ಷ ಕೊಟ್ಟರೆ ಆಯಿತು. ಎಫ್‌ಐಆರ್ ಪ್ರತಿಯೇ ಇಲ್ಲವೆ? ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಮೊದಲು ಅಲ್ಲಿ ನೋಡಿ.

ಸಿವಿಲ್ ಆದರೆ ವಕೀಲರ ಹೆಸರಿನಿಂದಲೂ ಹುಡುಕಬಹುದು. ಅದೂ ಗೊತ್ತಿಲ್ಲದಿದ್ದರೆ ಕಕ್ಷಿದಾರರ ಹೆಸರು. ಕನಿಷ್ಠ ಮೂರು ಅಕ್ಷರ ಬೇಕು. ಇಲ್ಲಿ ಪೂರ್ತಿ ಹೆಸರು ಟೈಪ್ ಮಾಡುವುದೇ ತಪ್ಪು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ‘ಲಕ್ಷ್ಮಮ್ಮ’ನ ನಡುವೆ ಎಕ್ಸ್ ಇರಬಹುದು, ಕೆಎಸ್‌ಎಚ್ ಇರಬಹುದು. ‘ಮಂಜುನಾಥ’ನ ಕೊನೆಗೆ ಎ ಇರಬಹುದು, ಇಲ್ಲದಿರಬಹುದು. ‘ತಿಮ್ಮಯ್ಯ’ನಿಗೆ ಟಿ ನಂತರ ಎಚ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹೆಸರಿನ ಗೊಂದಲವಿಲ್ಲದ ತುಂಡು ಮಾತ್ರ ಹಾಕಿ. ಮಂಜುನಾಥನಿಗೆ ಮೊದಲ ಐದು ಅಕ್ಷರ ಸಾಕು. ಇನಿಷಿಯಲ್ ಹಾಕಲೇಬೇಡಿ.

ಫಲಿತಾಂಶದ ಪಟ್ಟಿಯಲ್ಲಿ ಎರಡೂ ಕಡೆಯ ಮೊದಲ ಹೆಸರು ಮಾತ್ರ ಕಾಣುತ್ತದೆ. ಭಾಗದ ದಾವೆಯಲ್ಲಿ ಹತ್ತು ಹನ್ನೆರಡು ಜನ ಇರುತ್ತಾರೆ. ನಿಮ್ಮ ಹೆಸರು ಏಳನೇ ಪ್ರತಿವಾದಿಯಾಗಿರಬಹುದು. ಅಜ್ಜಿಯ ಹೆಸರಲ್ಲೂ, ದೊಡ್ಡಪ್ಪನ ಹೆಸರಲ್ಲೂ ಹುಡುಕಿ ನೋಡಿ. ‘ಪೆಂಡಿಂಗ್’, ‘ಡಿಸ್ಪೋಸ್ಡ್’, ‘ಬೋತ್’ ಎಂಬ ಮೂರರಲ್ಲಿ ‘ಬೋತ್’ ಆರಿಸಿ.

ಸೈಟು ಕೊಳ್ಳುವ ಮೊದಲು ಮಾರುವವರ ಹೆಸರು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಸರ್ವೆ ನಂಬರ್ ಹಾಕಿ ಹುಡುಕುವ ಸೌಲಭ್ಯ ಇಲ್ಲ. ಹಾಗಾಗಿ ‘ಆನ್‌ಲೈನ್‌ನಲ್ಲಿ ಏನೂ ಬರಲಿಲ್ಲ’ ಅಂದ ಮಾತ್ರಕ್ಕೆ ಜಮೀನಿನ ಮೇಲೆ ದಾವೆ ಇಲ್ಲ ಅಂತಲ್ಲ. ಹೆಣ್ಣು ಗಂಡು ನೋಡುವವರೂ ಈಗ ಇದನ್ನು ಬಳಸುತ್ತಿದ್ದಾರೆ. ಅವರಿಗೆ ಒಂದು ಮಾತು: ಒಂದೇ ಹೆಸರಿನವರು ಒಂದು ತಾಲ್ಲೂಕಿನಲ್ಲಿ ಎಷ್ಟು ಜನ ಬೇಕಾದರೂ ಇರಬಹುದು. ತಂದೆಯ ಹೆಸರು, ಊರು ತಾಳೆಯಾಗದೆ ಯಾರ ಬಗ್ಗೆಯೂ ತೀರ್ಮಾನಕ್ಕೆ ಬರಬೇಡಿ.

## ಹಂತ 5: ಪುಟವನ್ನು ಕೆಳಗಿನವರೆಗೆ ಓದಿ

ಕೇಸ್ ಸಿಕ್ಕಿತು. ಎಲ್ಲರೂ ಮುಂದಿನ ದಿನಾಂಕ ನೋಡಿ ಮುಚ್ಚಿಬಿಡುತ್ತಾರೆ. ನನ್ನ ಮಟ್ಟಿಗೆ ಅಲ್ಲಿಂದಲೇ ಕೆಲಸ ಶುರು.

ಪುಟದ ಕೆಳಗೆ ಕೇಸ್ ಹಿಸ್ಟರಿ ಅಂತ ಒಂದು ಪಟ್ಟಿ ಇರುತ್ತದೆ. ಪ್ರತಿ ವಾಯಿದೆಗೂ ಒಂದು ಸಾಲು. ‘ಬಿಸಿನೆಸ್ ಆನ್ ಡೇಟ್’ ಕೆಳಗಿರುವ ದಿನಾಂಕದ ಮೇಲೆ ಒತ್ತಿ. ಆ ದಿನ ಕೋರ್ಟಿನಲ್ಲಿ ಏನಾಯಿತು ಅನ್ನುವುದು ಎರಡು ಮೂರು ಸಾಲಿನಲ್ಲಿ ತೆರೆದುಕೊಳ್ಳುತ್ತದೆ. ಉದಾಹರಣೆಗೆ ‘ವಾದಿ ಗೈರು, ವಾದಿ ಪರ ವಕೀಲರು ಗೈರು, ಸಾಕ್ಷ್ಯಕ್ಕೆ ಕೊನೆಯ ಅವಕಾಶ’ ಎಂಬ ಅರ್ಥದ ಸಾಲು ಕಂಡರೆ, ಮುಂದಿನ ದಿನಾಂಕಕ್ಕಿಂತ ಆ ಸಾಲೇ ಮುಖ್ಯ. ವಕೀಲರಿಗೆ ಅವತ್ತೇ ಫೋನ್ ಮಾಡಿ.

ಪುಟದಲ್ಲಿ ಕಾಣುವ ಕೆಲವು ಸಂಕ್ಷಿಪ್ತ ರೂಪಗಳು ಹೀಗಿವೆ. ಐಎ ಅಂದರೆ ಮಧ್ಯಂತರ ಅರ್ಜಿ, ತಡೆಯಾಜ್ಞೆ ಕೇಳುವುದೆಲ್ಲ ಇದರಲ್ಲೇ. ಡಬ್ಲ್ಯೂಎಸ್ ಅಂದರೆ ಪ್ರತಿವಾದಿಯ ಲಿಖಿತ ಹೇಳಿಕೆ. ಎಚ್‌ಬಿಸಿ ಅಂದರೆ ಆರೋಪ ಹೊರಿಸುವ ಮುಂಚಿನ ವಿಚಾರಣೆ. ಎನ್‌ಬಿಡಬ್ಲ್ಯೂ ಅಂದರೆ ಜಾಮೀನುರಹಿತ ವಾರಂಟ್. ಪಿಒ ಆನ್ ಲೀವ್ ಅಂದರೆ ನ್ಯಾಯಾಧೀಶರು ರಜೆ, ಅಷ್ಟೇ.

ಈ ಕೆಳಗಿನವು ಕಂಡರೆ ತಡ ಮಾಡಬೇಡಿ:

- ನೀವು ಆರೋಪಿಯಾಗಿರುವ ಕೇಸಿನಲ್ಲಿ ಎನ್‌ಬಿಡಬ್ಲ್ಯೂ.
- ನೀವು ಪ್ರತಿವಾದಿಯಾಗಿದ್ದು ‘ಎಕ್ಸ್ ಪಾರ್ಟೆ’ ಎಂಬ ಪದ. ನಿಮ್ಮನ್ನು ಬಿಟ್ಟು ಕೇಸ್ ಮುಂದಕ್ಕೆ ಹೋಗುತ್ತಿದೆ ಎಂದರ್ಥ. ಡಿಕ್ರಿಯೇ ಆಗಿಬಿಟ್ಟಿದ್ದರೆ ಅದನ್ನು ರದ್ದು ಮಾಡಿ ಎಂದು ಅರ್ಜಿ ಹಾಕಲು 30 ದಿನ ಮಾತ್ರ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಗೊತ್ತಾದ ದಿನದಿಂದ ಲೆಕ್ಕ.
- ನೀವು ವಾದಿಯಾಗಿದ್ದು ‘ಡಿಸ್ಮಿಸ್ಡ್ ಫಾರ್ ಡಿಫಾಲ್ಟ್’. ಯಾರೂ ಹಾಜರಾಗದೆ ವಜಾ ಆಗಿದೆ. ಮತ್ತೆ ತೆರೆಸಲು ಇದಕ್ಕೂ 30 ದಿನ.
- ‘ಡಿಸ್ಪೋಸ್ಡ್’ ಅಂತ ಇದ್ದು ನಿಮಗೆ ಯಾರೂ ಹೇಳದಿರುವುದು. ತೀರ್ಪಿನ ವಿರುದ್ಧ ಜಿಲ್ಲಾ ಕೋರ್ಟಿಗೆ ಸಿವಿಲ್ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ.

ಅವಧಿ ಮೀರಿದ್ದರೂ ಪೂರ್ತಿ ಕೈಚೆಲ್ಲಬೇಡಿ. ತಡವಾದ್ದಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಲು ಅವಕಾಶವಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ತೀರ್ಪು, ಆದೇಶಗಳ ಪಿಡಿಎಫ್ ಪುಟದ ಕೆಳತುದಿಯಲ್ಲಿರುತ್ತದೆ. ಕಂಡ ಕೂಡಲೇ ಇಳಿಸಿಕೊಳ್ಳಿ. ಆ್ಯಪ್‌ನಲ್ಲಾದರೆ ಕೇಸನ್ನು ‘ಮೈ ಕೇಸಸ್’ಗೆ ಸೇರಿಸಿ, ಆಮೇಲೆ ಮತ್ತೆ ಹುಡುಕುವ ತಾಪತ್ರಯ ಇಲ್ಲ. ಆದರೆ ಆ ಪಟ್ಟಿ ನಿಮ್ಮ ಫೋನಿನಲ್ಲೇ ಇರುತ್ತದೆ. ಫೋನ್ ಬದಲಾಯಿಸುವ ಮೊದಲು ಬ್ಯಾಕಪ್ ತೆಗೆದಿಡಿ.

## ಹಂತ 6: ಹಿಂದಿನ ಸಂಜೆ ಕಾಸ್ ಲಿಸ್ಟ್

ಕೇಸ್ ಪುಟದ ದಿನಾಂಕ ಒಂದನ್ನೇ ನಂಬಿ ಹೊರಡಬೇಡಿ. ಹಿಂದಿನ ಸಂಜೆ ‘ಕಾಸ್ ಲಿಸ್ಟ್’ನಲ್ಲಿ, ಅಂದರೆ ಆಯಾ ದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿಯಲ್ಲಿ, ಕೋರ್ಟು ಮತ್ತು ದಿನಾಂಕ ಆರಿಸಿ. ಸಿವಿಲ್, ಕ್ರಿಮಿನಲ್ ಎರಡು ಬೇರೆ ಬಟನ್ ಇವೆ, ನಿಮ್ಮದನ್ನು ಒತ್ತಿ. ಪಟ್ಟಿಯಲ್ಲಿ ಕೇಸ್ ಇದ್ದರೆ ಕ್ರಮಸಂಖ್ಯೆ ಬರೆದುಕೊಳ್ಳಿ. ಇಲ್ಲದಿದ್ದರೆ ‘ಇಲ್ಲ, ಹಾಗಾದರೆ ಹೋಗಲ್ಲ’ ಅಂತ ಮಲಗಬೇಡಿ. ವಕೀಲರನ್ನು ಕೇಳಿ. ಕೇಸ್ ಬೇರೆ ಕೋರ್ಟ್ ಹಾಲಿಗೆ ವರ್ಗವಾಗಿರಬಹುದು.

## ಹಂತ 7: ಹೈಕೋರ್ಟ್ ಕೇಸ್ ಆದರೆ

ಮೊದಲು ಪೀಠ ಆರಿಸಬೇಕು. ಧಾರವಾಡ, ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡದವರದ್ದು ಧಾರವಾಡ ಪೀಠ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರದ್ದು ಕಲಬುರಗಿ ಪೀಠ. ಕಾರವಾರದ ಕೇಸನ್ನು ಬೆಂಗಳೂರಿನಲ್ಲಿ ಹುಡುಕಿ ಕೈಸೋತವರು ಕಡಿಮೆಯೇನಲ್ಲ. ಡಬ್ಲ್ಯೂಪಿ (ರಿಟ್ ಅರ್ಜಿ), ಆರ್‌ಎಫ್‌ಎ (ಮೊದಲ ಮೇಲ್ಮನವಿ), ಆರ್‌ಎಸ್‌ಎ (ಎರಡನೇ ಮೇಲ್ಮನವಿ), ಎಂಎಫ್‌ಎ (ಇತರೆ ಮೊದಲ ಮೇಲ್ಮನವಿ) ಹೀಗೆ ವಿಧಗಳೂ ಬೇರೆ. ಒಂದೇ ನಂಬರ್ ಎಲ್ಲ ವಿಧದಲ್ಲೂ ಇರುತ್ತದೆ.

ಕಲಾಪದ ದಿನ ಜಾಲತಾಣದ ಡಿಸ್‌ಪ್ಲೇ ಬೋರ್ಡ್ ತುಂಬ ಉಪಯೋಗಕ್ಕೆ ಬರುತ್ತದೆ. ಯಾವ ಕೋರ್ಟ್ ಹಾಲಿನಲ್ಲಿ ಎಷ್ಟನೇ ಕೇಸ್ ನಡೆಯುತ್ತಿದೆ ಅಂತ ತೋರಿಸುತ್ತದೆ.

ತೀರ್ಪಿನ ತಲೆಯ ಮೇಲೆ ‘ಕೆಎಚ್‌ಸಿ’ ಅಂತ ಒಂದು ಸಂಖ್ಯೆ ಕಂಡರೆ ಅದು ಆ ತೀರ್ಪಿನ ಗುರುತು. ಧಾರವಾಡದ್ದಕ್ಕೆ ಡಿ, ಕಲಬುರಗಿಯದ್ದಕ್ಕೆ ಕೆ ಸೇರಿರುತ್ತದೆ. ಯಾರೋ ವಾಟ್ಸ್ಆ್ಯಪ್‌ನಲ್ಲಿ ‘ಹೈಕೋರ್ಟ್ ಹೀಗೆ ಹೇಳಿದೆ’ ಅಂತ ಕಳಿಸಿದರೆ ಆ ಸಂಖ್ಯೆ ಕೇಳಿ, ಇ-ಕೋರ್ಟ್ಸ್‌ನ ತೀರ್ಪುಗಳ ಪೋರ್ಟಲ್‌ನಲ್ಲಿ ನೀವೇ ಓದಿ.

ನೇರಪ್ರಸಾರವನ್ನು ಹೈಕೋರ್ಟಿನ ಯೂಟ್ಯೂಬ್ ಚಾನಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಇದರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ನೋಡಿ, ಆದರೆ ರೆಕಾರ್ಡ್ ಮಾಡಬೇಡಿ, ತುಂಡು ಕತ್ತರಿಸಿ ರೀಲ್ಸ್‌ಗೆ ಹಾಕಬೇಡಿ. ಅನುಮತಿ ಇಲ್ಲದೆ ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ. 2024ರ ಸೆಪ್ಟೆಂಬರ್‌ನಲ್ಲಿ ಇಂಥ ತುಣುಕುಗಳ ವಿರುದ್ಧ ಹೈಕೋರ್ಟ್ ಮಧ್ಯಂತರ ಆದೇಶವನ್ನೂ ಮಾಡಿತ್ತು.

## ಕಾಣದಿರುವುದಕ್ಕೂ ಕಾರಣವಿದೆ

ಲೈಂಗಿಕ ಅಪರಾಧ, ಪೋಕ್ಸೊ, ಮಕ್ಕಳ ಪ್ರಕರಣಗಳಲ್ಲಿ ಹೆಸರು ಮರೆಮಾಚಿರುತ್ತಾರೆ. ಪ್ರಸಾರವೂ ಇರುವುದಿಲ್ಲ. ಸಂತ್ರಸ್ತರ ಗುರುತು ಬಯಲು ಮಾಡುವುದು ಅಪರಾಧ. ವಿಚ್ಛೇದನದ ಕಲಾಪಕ್ಕೂ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಗೌಪ್ಯತೆ ಕೊಟ್ಟಿದೆ. ನೆಂಟರ ಗುಂಪಿಗೆ ಸ್ಕ್ರೀನ್‌ಶಾಟ್ ಹಾಕುವ ಮೊದಲು ಇದು ನೆನಪಿರಲಿ.

## ಮೋಸದ ಸುಳಿವುಗಳು

ವಿಡಿಯೊ ಕಾಲ್‌ನಲ್ಲಿ ಕಪ್ಪು ಕೋಟಿನವರು ಕೂತು ‘ನಿಮ್ಮ ಮೇಲೆ ಕೇಸಿದೆ, ಡಿಜಿಟಲ್ ಅರೆಸ್ಟ್’ ಅಂದರೆ ಸುಮ್ನೆ ಕಟ್ ಮಾಡಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಸುಪ್ರೀಂ ಕೋರ್ಟಿನದೇ ಹೆಸರಿನ ನಕಲಿ ಜಾಲತಾಣದ ಬಗ್ಗೆ ಅದರ ರಿಜಿಸ್ಟ್ರಿ 2025ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಕೇಸ್ ನಿಜವೋ ಅಂತ ಅನುಮಾನವಿದ್ದರೆ ಅವರು ಕಳಿಸಿದ ಲಿಂಕ್ ಒತ್ತಬೇಡಿ. ಸಿಎನ್‌ಆರ್ ಕೇಳಿ, ನೀವೇ ಬೇರೆಯಾಗಿ ಇ-ಕೋರ್ಟ್ಸ್ ತೆರೆದು ಹಾಕಿ ನೋಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ಹಂತ 8: ದೃಢೀಕೃತ ನಕಲು

ಇಳಿಸಿಕೊಂಡ ಪಿಡಿಎಫ್ ನಿಮ್ಮ ತಿಳಿವಳಿಕೆಗೆ ಮಾತ್ರ. ಮೇಲ್ಮನವಿಗೆ, ಬ್ಯಾಂಕಿಗೆ, ಖಾತೆ ಬದಲಾವಣೆಗೆ ದೃಢೀಕೃತ ನಕಲು ಬೇಕು. ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಅರ್ಜಿ ಹಾಕಿ. ಕೇಸ್ ನಂಬರ್, ಯಾವ ಕಾಗದ, ಯಾವ ದಿನಾಂಕದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ‘ಎಲ್ಲ ಕಾಗದ ಕೊಡಿ’ ಅಂತ ಬರೆದರೆ ಅರ್ಜಿ ವಾಪಸ್ ಬರುತ್ತದೆ. ನೀವು ಆ ಕೇಸಿನ ಕಕ್ಷಿದಾರರಲ್ಲದಿದ್ದರೆ ಯಾಕೆ ಬೇಕು ಅನ್ನುವ ಕಾರಣವನ್ನೂ ಕೊಡಬೇಕು.

ಆರ್‌ಟಿಐ ಹಾಕಿ ತೆಗೆಯೋಣ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಕೋರ್ಟಿನ ದಾಖಲೆಯ ನಕಲು ಬೇಕಾದರೆ ಆಯಾ ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು, ಆರ್‌ಟಿಐ ದಾರಿಯಲ್ಲಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ನಕಲು ಕೈಗೆ ಬಂದಾಗ ಅದರ ಮೇಲಿನ ಮೊಹರು ನೋಡಿ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ಎರಡೂ ಅದರಲ್ಲಿರುತ್ತವೆ. ನಕಲು ತೆಗೆಯಲು ಹಿಡಿದ ಆ ದಿನಗಳು ಮೇಲ್ಮನವಿಯ ಅವಧಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಿನಾಂಕ ಮಸುಕಾಗಿದ್ದರೆ ಕೌಂಟರ್ ಬಿಡುವ ಮೊದಲೇ ಸರಿ ಮಾಡಿಸಿಕೊಳ್ಳಿ.